ಕೇಳಿ, ಹೇಳುತ್ತೇವೆ: ಮೀಟರಿನ 85, ಕಂಪ್ಯೂಟರಿನ 0.1

ಪ್ರಶ್ನೆ: ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಆಕ್ಸಿಮೀಟರ್ 97 ತೋರಿಸುತ್ತಿರುತ್ತದೆ. ಕೈ ಅಲ್ಲಾಡಿದರೆ 85–86ಕ್ಕೆ ಇಳಿದು ಅಲ್ಲೇ ಸುಳಿದಾಡುತ್ತದೆ. ಉಪಕರಣ ಕೆಟ್ಟಿದೆಯೇ? ಸದಾ 85ರ ಆಸುಪಾಸೇ ಏಕೆ?

ಉತ್ತರ: ಕೆಟ್ಟಿಲ್ಲ. ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೆ ಗುಟ್ಟು ಇರುವುದು ಅದರಲ್ಲೇ.

ಕ್ಲಿಪ್ಪಿನ ಒಂದು ಬದಿಯಲ್ಲಿ ಎರಡು ಎಲ್‌ಇಡಿಗಳಿವೆ: 660 ನ್ಯಾನೊಮೀಟರಿನ ಕೆಂಪು, 940 ನ್ಯಾನೊಮೀಟರಿನ ಅವಕೆಂಪು (ಕಣ್ಣಿಗೆ ಕಾಣದ ಬೆಳಕು). ಎದುರು ಬದಿಯಲ್ಲಿ ಬೆಳಕಿನ ಸಂವೇದಕ. ಎರಡೂ ದೀಪ ಸರದಿಯಂತೆ ಸೆಕೆಂಡಿಗೆ ನೂರಾರು ಸಲ ಹತ್ತಿ ಆರುತ್ತವೆ. ನಡುವೆ ಎರಡೂ ಆರಿರುವ ಒಂದು ಕ್ಷಣ ಬರುತ್ತದೆ. ಆಗ ಕೋಣೆಯ ಬೆಳಕೆಷ್ಟು ಎಂದು ಅಳೆದು, ಅದನ್ನು ಕಳೆದುಬಿಡುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚಾಗಿ ಹಾದುಹೋಗಲು ಬಿಟ್ಟು ಅವಕೆಂಪನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ನಿನದು ಇದರ ತಿರುಗುಮುರುಗು.

ಬೆರಳಿನಲ್ಲಿ ಚರ್ಮ, ಮೂಳೆ, ಅಭಿಧಮನಿಯ ರಕ್ತ ಎಲ್ಲವೂ ಬೆಳಕು ಹೀರುತ್ತವೆ. ಇವುಗಳ ಪಾಲನ್ನು ಬೇರ್ಪಡಿಸುವುದು ಹೇಗೆ? 1970ರ ದಶಕದ ಮೊದಲ ಭಾಗದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ ಕಂಡುಕೊಂಡ ಉಪಾಯ ಸರಳ: ನಾಡಿಯ ಜೊತೆ ಏರಿಳಿಯುವುದು ಅಪಧಮನಿಯ ರಕ್ತದ ಪಾಲು, ಉಳಿದದ್ದು ಸ್ಥಿರ. ಈ ಏರಿಳಿತ ಒಟ್ಟು ಬೆಳಕಿನಲ್ಲಿ ಸಾಮಾನ್ಯವಾಗಿ ಶೇ. 1–2 ಅಷ್ಟೇ. ಪ್ರತಿ ಬಣ್ಣದ ಏರಿಳಿತವನ್ನು ಆ ಬಣ್ಣದ ಸ್ಥಿರ ಬೆಳಕಿನಿಂದ ಭಾಗಿಸಿ, ಕೆಂಪಿನ ಉತ್ತರವನ್ನು ಅವಕೆಂಪಿನ ಉತ್ತರದಿಂದ ಮತ್ತೆ ಭಾಗಿಸಬೇಕು. ಕೆಂಪಿನಲ್ಲಿ 1000ಕ್ಕೆ 12, ಅವಕೆಂಪಿನಲ್ಲಿ 2000ಕ್ಕೆ 40 ಏರಿಳಿತವಿದೆ ಎನ್ನಿ. 0.012 ಭಾಗಿಸು 0.020, ಅಂದರೆ 0.6. ಒರಟು ಸೂತ್ರದ ಪ್ರಕಾರ ಈ ಅನುಪಾತವನ್ನು 25ರಿಂದ ಗುಣಿಸಿ 110ರಿಂದ ಕಳೆಯಬೇಕು: 95 ಬಂತು.

ಈಗ ಕೈ ಅಲ್ಲಾಡಿಸಿ. ಎರಡೂ ಬಣ್ಣದ ಬೆಳಕು ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಲುಕುತ್ತದೆ, ಅನುಪಾತ 1ರ ಕಡೆಗೆ ಜಾರುತ್ತದೆ. 110ರಲ್ಲಿ 25 ಹೋದರೆ 85! ಅಲ್ಲಾಡುವ ಬೆರಳಿನ 85 ರಕ್ತದ ಅಳತೆಯಲ್ಲ, ಗದ್ದಲದ ಅಳತೆ. ಹಾಗೆಂದು 85 ಕಂಡಾಗಲೆಲ್ಲ ತಳ್ಳಿಹಾಕುವಂತಿಲ್ಲ. ಬೆರಳು ಅಲುಗದೆಯೂ ಅದೇ ಅಂಕಿ ನಿಂತರೆ ನಿಜವಾಗಿಯೇ ಆಮ್ಲಜನಕ ಇಳಿದಿರಬಹುದು. ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಹೊರಲಾರದ ಹಿಮೋಗ್ಲೋಬಿನ್ ರೂಪ) ಹೆಚ್ಚಿರುವ ರಕ್ತವೂ ಎರಡು ಬಣ್ಣಗಳನ್ನು ಹೆಚ್ಚುಕಡಿಮೆ ಸಮನಾಗಿ ಹೀರಿ ಅಲ್ಲಿಗೇ ಎಳೆಯುತ್ತದೆ. ಎರಡರಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ತಯಾರಕರು ಈ ಒರಟು ಸೂತ್ರ ಬಳಸುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಲು ಕೊಟ್ಟು, ಅಪಧಮನಿಯ ರಕ್ತ ತೆಗೆದು ಹೋಲಿಸಿ ಕೋಷ್ಟಕ ಮಾಡಿರುತ್ತಾರೆ. ಸುರಕ್ಷತೆಗಾಗಿ ಶೇ. 70ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ; ಅದಕ್ಕಿಂತ ಕೆಳಗೆ ತೋರುವುದೆಲ್ಲ ಕೋಷ್ಟಕದ ಗೆರೆಯನ್ನು ಮುಂದಕ್ಕೆಳೆದ ಅಂದಾಜು. ಕೋಷ್ಟಕಕ್ಕೆ ಯಾವ ಮೈಬಣ್ಣದವರ ಬೆರಳು ಬಳಸಿದರು ಎಂಬುದೂ ಮುಖ್ಯ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೀಟರ್ 92–96 ತೋರಿಸಿದಾಗ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಬಂದದ್ದು ಬಿಳಿಯರ ಅಳತೆಗಳಲ್ಲಿ ಶೇ. 3.6, ಕಪ್ಪುವರ್ಣೀಯರ ಅಳತೆಗಳಲ್ಲಿ ಶೇ. 11.7. ಇನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಈ ಕೆಂಪು ಬೆಳಕಿಗೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಹೊಗೆ ಕುಡಿದು ಬಿದ್ದವರ ಬೆರಳಿನಲ್ಲೂ 98 ಬರಬಹುದು. ಅಲ್ಲಿ ಈ ಉಪಕರಣವನ್ನು ನಂಬಲೇಬಾರದು.

ಅಳೆಯುವ ಕ್ರಮ: ಉಗುರುಬಣ್ಣ ತೆಗೆಯಿರಿ, ಕೈ ಉಜ್ಜಿ ಬೆಚ್ಚಗಾಗಿಸಿ, ಐದು ನಿಮಿಷ ಸುಮ್ಮನೆ ಕುಳಿತು ಕೈಯನ್ನು ಎದೆಯ ಮಟ್ಟದಲ್ಲಿ ಆನಿಸಿಡಿ. ಅಂಕಿ ಒಂದು ನಿಮಿಷವಾದರೂ ನಿಲ್ಲಲಿ. ಆಮೇಲೆ ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ದುಪ್ಪಟ್ಟು ಮಾಡಿ. ಮೀಟರಿನ ನಾಡಿಗೂ ನಿಮ್ಮ ಎಣಿಕೆಗೂ ತಾಳೆಯಾಗದಿದ್ದರೆ ಆಮ್ಲಜನಕದ ಅಂಕಿಯನ್ನೂ ಬಿಟ್ಟುಬಿಡಿ. ಏದುಸಿರು ಇದ್ದರೆ ಅಂಕಿ ಏನೇ ಇರಲಿ, ಕಾಯಬೇಡಿ.

ಪ್ರಶ್ನೆ: ಹೊಸ ಔಷಧಿಯೊಂದನ್ನು 300 ಮಂದಿಗೆ ಕೊಟ್ಟರಂತೆ, ಒಬ್ಬರಿಗೂ ಗಂಭೀರ ಅಡ್ಡಪರಿಣಾಮ ಆಗಲಿಲ್ಲವಂತೆ. ಅಪಾಯ ಸೊನ್ನೆ ಎನ್ನಬಹುದೇ?

ಉತ್ತರ: ಇಲ್ಲ. 3ನ್ನು ಜನರ ಸಂಖ್ಯೆಯಿಂದ ಭಾಗಿಸಿ: 3/300, ಅಂದರೆ ನೂರಕ್ಕೆ ಒಂದು. ನಿಜವಾದ ಅಪಾಯ ನೂರಕ್ಕೆ ಒಂದರಷ್ಟಿದ್ದರೂ 300 ಮಂದಿಯಲ್ಲಿ ಒಬ್ಬರಿಗೂ ಆಗದಿರುವ ಸಾಧ್ಯತೆ ಸುಮಾರು ಶೇ. 5 ಇದೆ. ಹಾಗಾಗಿ ಶೇ. 95ರ ಭರವಸೆಯಿಂದ ಹೇಳಬಹುದಾದದ್ದು ‘ಅಪಾಯ ನೂರಕ್ಕೆ ಒಂದನ್ನು ಮೀರಲಾರದು’ ಎಂದಷ್ಟೆ. ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವ ಪರಿಣಾಮ ಕಣ್ಣಿಗೆ ಬೀಳಬೇಕಾದರೆ ಇದೇ ಲೆಕ್ಕದಲ್ಲಿ 30,000 ಮಂದಿ ಬೇಕು. ಕೆಲವು ಅಡ್ಡಪರಿಣಾಮಗಳು ಔಷಧಿ ಮಾರುಕಟ್ಟೆಗೆ ಬಂದ ಮೇಲೆಯೇ ಗೊತ್ತಾಗುವುದು ಇದಕ್ಕೇ.

ಪ್ರಶ್ನೆ: ಪ್ರೋಗ್ರಾಮಿನಲ್ಲಿ 0.1ನ್ನು ಹತ್ತು ಸಲ ಕೂಡಿ, 1ಕ್ಕೆ ಸಮವೇ ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. 0.25ನ್ನು ನಾಲ್ಕು ಸಲ ಕೂಡಿದರೆ ಸರಿಯಾಗಿ 1. ಏನಿದು?

ಉತ್ತರ: ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಿರಿ ನೋಡೋಣ: 0.3333... ಮುಗಿಯುವುದೇ ಇಲ್ಲ. ಕಂಪ್ಯೂಟರ್ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದಕ್ಕೂ ಅದೇ ಗತಿ: 0.000110011001100... ಛೇದ 2, 4, 8, 16 ಹೀಗೆ ಎರಡರ ಘಾತವಾಗಿದ್ದರೆ ಮಾತ್ರ ಭಿನ್ನರಾಶಿ ಅಲ್ಲಿ ಪೂರ್ತಿ ಕೂರುತ್ತದೆ. 0.25 ಕೂರುತ್ತದೆ, 0.1 ಕೂರುವುದಿಲ್ಲ. ಸಾಮಾನ್ಯವಾಗಿ ಬಳಸುವ 64 ಬಿಟ್‌ಗಳ ಸಂಖ್ಯೆಯಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್, ಉಳಿದದ್ದಕ್ಕೆ ಕತ್ತರಿ. ಪ್ರತಿ ಕೂಡಿಕೆಯಲ್ಲೂ ಮತ್ತೊಮ್ಮೆ ಕತ್ತರಿ ಬಿದ್ದು, ಹತ್ತು ಸಲ ಆದಾಗ ಕೈಯಲ್ಲಿ ಉಳಿದದ್ದು 0.9999999999999999.

ಹದಿನಾರನೇ ಅಂಕಿಯ ತಪ್ಪು ಯಾರಿಗೆ ಬೇಕು ಎನ್ನುವವರಿಗೆ ಧಹ್ರಾನ್ ನೆನಪಿಸಬೇಕು. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯದ ಆ ಊರಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿಂದ ಬಂದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಪೇಟ್ರಿಯಟ್‌ನ ಗಡಿಯಾರ ಹತ್ತನೇ ಒಂದು ಸೆಕೆಂಡುಗಳನ್ನು ಎಣಿಸುತ್ತಿತ್ತು, ಗುಣಿಸುತ್ತಿದ್ದದ್ದು 24 ಬಿಟ್‌ಗೆ ಕತ್ತರಿಸಿದ 0.1ರಿಂದ. ಒಂದು ಎಣಿಕೆಗೆ ತಪ್ಪು 0.000000095 ಸೆಕೆಂಡು. 100 ಗಂಟೆ ನಿಲ್ಲಿಸದೆ ಓಡಿದಾಗ 36 ಲಕ್ಷ ಎಣಿಕೆ, ಒಟ್ಟು ತಪ್ಪು 0.34 ಸೆಕೆಂಡು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ತಿದ್ದಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ನಿಮ್ಮ ಪ್ರೋಗ್ರಾಮಿಗೆ ಮದ್ದು: ದಶಮಾಂಶ ಸಂಖ್ಯೆಗಳನ್ನು ‘ಸಮವೇ’ ಎಂದು ಕೇಳಬೇಡಿ, ವ್ಯತ್ಯಾಸ ಸಾಕಷ್ಟು ಚಿಕ್ಕದೇ ಎಂದು ಕೇಳಿ, ಎಷ್ಟು ಚಿಕ್ಕದು ಎಂಬುದನ್ನು ಸಂಖ್ಯೆಯ ಗಾತ್ರಕ್ಕೆ ತಕ್ಕಂತೆ ಗೊತ್ತುಮಾಡಿ. ಲೂಪಿನಲ್ಲಿ 0.1 ಕೂಡುತ್ತಾ ಹೋಗದೆ ಪೂರ್ಣಾಂಕ ಎಣಿಸಿ 10ರಿಂದ ಭಾಗಿಸಿ. ಹೆಚ್ಚು ಜನ ಎಡವುವುದು ಮಾನಕ ವಿಚಲನೆಯಲ್ಲಿ, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯಲ್ಲಿ. ‘ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದು ವರ್ಗಮೂಲ ತೆಗೆ’ ಎಂಬ ಸೂತ್ರ ಕಾಗದದ ಮೇಲೆ ಸರಿ. ಆದರೆ 100000001, 100000002, 100000003 ಕೊಟ್ಟು ನೋಡಿ: ಎರಡು ಭಾರೀ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ, ಕಸ ಉಳಿಯುತ್ತದೆ. ಮೊದಲ ಸಂಖ್ಯೆಯನ್ನು ಎಲ್ಲದರಿಂದಲೂ ಕಳೆದು, ಉಳಿದ 0, 1, 2ರ ಮೇಲೆ ಲೆಕ್ಕ ಮಾಡಿದರೆ ಅದೇ ಸೂತ್ರ ಸರಿಯುತ್ತರ ಕೊಡುತ್ತದೆ. ಇನ್ನೊಂದು: 1ರ ಮುಂದೆ 16 ಸೊನ್ನೆಯ ಸಂಖ್ಯೆಗೆ 1 ಕೂಡಿ, ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಉತ್ತರ 0; ಮೊದಲು ಕಳೆದು ಆಮೇಲೆ ಕೂಡಿದರೆ 1. ಕೆಲಸವನ್ನು ಹಲವು ಪ್ರೊಸೆಸರುಗಳಿಗೆ ಹಂಚಿದಾಗ ಕೂಡುವ ಕ್ರಮ ಬದಲಾಗಿ, ಅದೇ ಪ್ರೋಗ್ರಾಮ್ ಎರಡು ಓಟದಲ್ಲಿ ಎರಡು ಉತ್ತರ ಕೊಡಬಹುದು.

ಪ್ರಶ್ನೆ: ಕಂಪ್ಯೂಟರ್ ಮಾಡಿದ ಗಣಿತದ ರುಜುವಾತನ್ನು ಒಪ್ಪುತ್ತಾರೆಯೇ?

ಉತ್ತರ: ಒಪ್ಪುತ್ತಾರೆ, ಗೊಣಗಿಕೊಂಡು. ಅಕ್ಕಪಕ್ಕದ ಪ್ರದೇಶಗಳಿಗೆ ಬೇರೆಬೇರೆ ಬಣ್ಣ ಬಳಿಯಲು ಯಾವ ನಕ್ಷೆಗೂ ನಾಲ್ಕು ಬಣ್ಣ ಸಾಕು ಎಂಬುದನ್ನು 1976ರಲ್ಲಿ ಕೆನೆತ್ ಆಪೆಲ್ ಮತ್ತು ವೊಲ್ಫ್‌ಗಾಂಗ್ ಹಾಕೆನ್ ಸಾಧಿಸಿದಾಗ ಕಂಪ್ಯೂಟರ್ ಸಾವಿರಕ್ಕೂ ಹೆಚ್ಚು ಗಂಟೆ ದುಡಿದಿತ್ತು. ಕೈಯಿಂದ ಪರಿಶೀಲಿಸಲಾಗದ ರುಜುವಾತು ರುಜುವಾತೇ ಎಂದು ಹಲವರು ಕೇಳಿದರು. 2005ರಲ್ಲಿ ಜಾರ್ಜ್ ಗೊಂಥಿಯೆ ಇಡೀ ವಾದವನ್ನು ಕಾಕ್ ಎಂಬ ರುಜುವಾತು ಪರೀಕ್ಷಕ ತಂತ್ರಾಂಶದಲ್ಲಿ ಬರೆದು ಪ್ರತಿ ಹೆಜ್ಜೆಯನ್ನೂ ತಪಾಸಣೆಗೆ ಒಡ್ಡಿದ ಮೇಲೆ, ನಂಬಬೇಕಾದದ್ದು ಪರೀಕ್ಷಕದ ಪುಟ್ಟ ತಿರುಳನ್ನಷ್ಟೇ ಎಂಬಂತಾಯಿತು.

ಪ್ರಶ್ನೆ: ಎದೆಯ ಎಕ್ಸ್‌ರೇ ನೋಡಿ ರೋಗ ಹೇಳುವ ತಂತ್ರಾಂಶ ಶೇ. 98 ನಿಖರ ಎಂಬ ಪ್ರಬಂಧ ಓದಿದೆ. ಏನನ್ನು ಪರಿಶೀಲಿಸಬೇಕು?

ಉತ್ತರ: ಮೊದಲು, ಪರೀಕ್ಷೆಗಿಟ್ಟ ಚಿತ್ರಗಳಲ್ಲಿ ರೋಗವಿದ್ದದ್ದು ಎಷ್ಟರಲ್ಲಿ? ನೂರಕ್ಕೆ ಎರಡರಲ್ಲಿ ಮಾತ್ರ ಎಂದಾದರೆ, ಎಲ್ಲಕ್ಕೂ ‘ರೋಗವಿಲ್ಲ’ ಎನ್ನುವ ಒಂದೇ ಸಾಲಿನ ಪ್ರೋಗ್ರಾಮೂ ಶೇ. 98 ನಿಖರ. ರೋಗವಿದ್ದವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಎಷ್ಟು ಮಂದಿಗೆ ‘ಇಲ್ಲ’ ಎಂದಿತು ಎಂಬ ಎರಡು ಅಂಕಿ ಬೇರೆಬೇರೆಯಾಗಿ ಬೇಕು.

ಆಮೇಲೆ ವಿಂಗಡಣೆ. ಕಲಿಸುವ ಚಿತ್ರ, ಪರೀಕ್ಷಿಸುವ ಚಿತ್ರ ಎಂದು ಪಾಲು ಮಾಡುವಾಗ ಚಿತ್ರಗಳನ್ನು ಕಲಸಿ ಹಂಚಿದ್ದರೆ, ಒಬ್ಬನೇ ರೋಗಿಯ ಒಂದು ಎಕ್ಸ್‌ರೇ ಇತ್ತ, ಇನ್ನೊಂದು ಅತ್ತ ಸೇರಿರುತ್ತದೆ. ತಂತ್ರಾಂಶ ರೋಗವನ್ನಲ್ಲ, ರೋಗಿಯನ್ನು ಗುರುತಿಸಿ ಗೆಲ್ಲುತ್ತದೆ. ಹಂಚಬೇಕಾದದ್ದು ರೋಗಿಗಳನ್ನು. ಚಿತ್ರಗಳ ಹೊಳಪನ್ನು ಸಮಮಾಡುವ ಸರಾಸರಿಯನ್ನೂ ಕಲಿಕೆಯ ಪಾಲಿನಿಂದಷ್ಟೇ ತೆಗೆಯಬೇಕು.

ಇಷ್ಟು ಸರಿಯಿದ್ದರೂ ಬೇರೆ ಆಸ್ಪತ್ರೆಯ ಚಿತ್ರಗಳ ಮೇಲೆ ಓಡಿಸಿದ್ದಾರೆಯೇ ನೋಡಿ. ನ್ಯುಮೋನಿಯ ಪತ್ತೆಯ ಬಗ್ಗೆ 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಐದು ಹೋಲಿಕೆಗಳ ಪೈಕಿ ಮೂರರಲ್ಲಿ ಹೊರಗಿನ ಚಿತ್ರಗಳ ಮೇಲಿನ ಸಾಮರ್ಥ್ಯ ಕುಸಿದಿತ್ತು. ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂಬುದನ್ನು ಮಾತ್ರ ಆ ತಂತ್ರಾಂಶಗಳು ಹೆಚ್ಚೂಕಮ್ಮಿ ತಪ್ಪಿಲ್ಲದೆ ಹೇಳುತ್ತಿದ್ದವು! ರೋಗಿಗಳು ಹೆಚ್ಚಿರುವ ಆಸ್ಪತ್ರೆಯ ಗುರುತು ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆಯೇ ಅಲ್ಲವೇ?

ಕೊನೆಗೆ ಚಿತ್ರಗಳ ಸಂಖ್ಯೆ. 50ರಲ್ಲಿ 49 ಸರಿಯಾದರೂ ಶೇ. 98ವೇ. ಆದರೆ ಅಷ್ಟು ಕಡಿಮೆ ಚಿತ್ರಗಳಿಂದ ಶೇ. 95ರ ಭರವಸೆಯಿಂದ ಹೇಳಬಹುದಾದ ನಿಖರತೆಯ ವ್ಯಾಪ್ತಿ ಸುಮಾರು 89ರಿಂದ 99.9ರವರೆಗೆ. ಪ್ರಬಂಧದಲ್ಲಿ ಈ ವ್ಯಾಪ್ತಿಯನ್ನು ಕೊಟ್ಟಿಲ್ಲದಿದ್ದರೆ ಚಿತ್ರಗಳ ಸಂಖ್ಯೆ ಹುಡುಕಿ ನೀವೇ ಲೆಕ್ಕ ಹಾಕಿಕೊಳ್ಳಿ.