ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ಬಳಿಕ ಮತ್ತೆ ಆಸ್ಪತ್ರೆ: ಕ್ಯಾನ್ಸರ್ ಮರಳಿದೆಯೇ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಕ್ಯಾನ್ಸರ್ ಇದ್ದುದರಿಂದ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು ತೆಗೆದರು. ಮನೆಗೆ ಬಂದ ಎರಡನೆಯ ವಾರದಲ್ಲಿ ಜ್ವರ, ಏದುಸಿರು ಕಾಣಿಸಿಕೊಂಡು ಮತ್ತೆ ದಾಖಲಿಸಬೇಕಾಯಿತು. ಕ್ಯಾನ್ಸರ್ ಮರಳಿದೆಯೇ? ಬೇಗ ಮನೆಗೆ ಕಳುಹಿಸಿದ್ದೇ ತಪ್ಪಾಯಿತೇ?

ಉತ್ತರ: ಇಷ್ಟು ಕಡಿಮೆ ಅವಧಿಯಲ್ಲಿ ಬರುವ ಜ್ವರ ಮತ್ತು ಏದುಸಿರಿಗೆ ಕ್ಯಾನ್ಸರ್ ಮರಳಿದ್ದು ಕಾರಣವಾಗಿರುವುದು ತೀರಾ ಅಪರೂಪ. ಶ್ವಾಸಕೋಶದ ಭಾಗವನ್ನು ತೆಗೆಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು 30 ದಿನಗಳೊಳಗೆ ಮತ್ತೆ ದಾಖಲಾಗುತ್ತಾರೆ. ನ್ಯುಮೋನಿಯಾ, ಶ್ವಾಸಕೋಶದ ಸುತ್ತಲಿನ ಪೊರೆಗಳ ನಡುವೆ ಗಾಳಿ, ನೀರು ಅಥವಾ ಕೀವು ತುಂಬಿಕೊಳ್ಳುವುದು, ಹೃದಯದ ಲಯ ತಪ್ಪುವುದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸಾಗುವುದು ಇದರ ಮುಖ್ಯ ಕಾರಣಗಳು. ಜ್ವರವೂ ಇರುವುದರಿಂದ ವೈದ್ಯರು ಮೊದಲು ಸೋಂಕನ್ನು ಹುಡುಕುತ್ತಾರೆ. ಆದರೆ ಎಕ್ಸ್‌ರೇ, ರಕ್ತಪರೀಕ್ಷೆ, ಇಸಿಜಿ ಮತ್ತು ಅಗತ್ಯವಿದ್ದರೆ ಸಿಟಿ ಸ್ಕ್ಯಾನ್ ಆಗುವವರೆಗೆ ಉಳಿದ ಕಾರಣಗಳನ್ನೂ ತಳ್ಳಿಹಾಕಲಾಗದು.

ಎರಡನೆಯ ಪ್ರಶ್ನೆಗೆ ನಿಮ್ಮ ಮನಸ್ಸು ನೊಂದಿರುವುದು ಸಹಜ. ಎದೆಗೆ ಹಾಕಿದ ನಳಿಕೆಯನ್ನು ತೆಗೆದು, ಉಳಿದ ಶ್ವಾಸಕೋಶ ಸರಿಯಾಗಿ ಹಿಗ್ಗಿದೆಯೆಂದು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು, ರೋಗಿ ಓಡಾಡುತ್ತ ಮಾತ್ರೆಗಳಿಂದಲೇ ನೋವನ್ನು ತಡೆದುಕೊಳ್ಳಬಲ್ಲ ಸ್ಥಿತಿಗೆ ಬಂದ ಮೇಲೆ ಕಳುಹಿಸಿದ್ದರೆ ಅದನ್ನು ಅವಸರದ ನಿರ್ಧಾರ ಎನ್ನಲಾಗದು. ಹೆಚ್ಚು ದಿನ ಆಸ್ಪತ್ರೆಯಲ್ಲಿ ಉಳಿಯಬೇಕಾದವರೇ ಮತ್ತೆ ದಾಖಲಾಗುವುದೂ ಹೆಚ್ಚು, ಏಕೆಂದರೆ ಅವರಿಗೆ ಮೊದಲೇ ತೊಡಕುಗಳಿರುತ್ತವೆ. ವಯಸ್ಸು, ಧೂಮಪಾನ, ಹಳೆಯ ಉಬ್ಬಸದಂಥ ಕಾಯಿಲೆ, ಇಡೀ ಶ್ವಾಸಕೋಶವನ್ನೇ ತೆಗೆದಿರುವುದು ಇವೂ ಅಪಾಯವನ್ನು ಏರಿಸುತ್ತವೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ನೋವಿನ ವಿಷಯ. ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂಬ ಭಯದಿಂದ ಅನೇಕರು ಮನೆಗೆ ಬಂದೊಡನೆ ಅದನ್ನು ನಿಲ್ಲಿಸಿ ನೋವನ್ನು ನುಂಗಿಕೊಂಡು ಮಲಗಿರುತ್ತಾರೆ. ಪಕ್ಕೆಲುಬುಗಳ ನಡುವಿನ ನೋವಿನಿಂದ ಉಸಿರು ಆಳವಾಗಿ ಒಳಗೆ ಹೋಗುವುದಿಲ್ಲ, ಕೆಮ್ಮಿ ಕಫವನ್ನು ಹೊರಹಾಕಲಾಗುವುದಿಲ್ಲ, ಹಾಗೆ ಉಳಿದ ಕಫದಲ್ಲಿಯೇ ಸೋಂಕು ಬೆಳೆಯುತ್ತದೆ. ಆದುದರಿಂದ ಈ ಬಾರಿ ಮನೆಗೆ ಮರಳಿದಾಗ ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಹೊತ್ತಿಗೆ ಕೊಡಿ. ದಿಂಬನ್ನು ಗಾಯದ ಮೇಲೆ ಒತ್ತಿಹಿಡಿದು ಕೆಮ್ಮಿಸಿ. ಉಸಿರಾಟದ ವ್ಯಾಯಾಮವನ್ನೂ ನಡಿಗೆಯನ್ನೂ ಬಿಡಿಸಬೇಡಿ. ಮನೆಯಲ್ಲಿ ಯಾರೂ ಧೂಮಪಾನ ಮಾಡದಿರಲಿ.

ಜ್ವರ ಮರುಕಳಿಸಿದರೆ, ಏದುಸಿರು ಹೆಚ್ಚಿದರೆ, ಎದೆ ಹೊಡೆದುಕೊಂಡರೆ, ಒಂದು ಕಾಲು ಊದಿಕೊಂಡರೆ, ಗಾಯದಿಂದ ಕೀವು ಒಸರಿದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ತೋರಿಸಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಅಥವಾ ಕೆಮ್ಮಿದಾಗ ರಕ್ತ ಇಲ್ಲವೆ ನೀರಿನಂಥ ದ್ರವ ಬಹಳವಾಗಿ ಬಂದರೆ ಅದು ತುರ್ತು ಪರಿಸ್ಥಿತಿ. ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಬಿಡುಗಡೆಯ ಸಾರಾಂಶವನ್ನು ಕೊಂಡೊಯ್ಯಿರಿ, ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೂ ತಿಳಿಸಿ. ಆ ಎದೆಯ ಒಳಗಿನ ಬದಲಾವಣೆಗಳು ಅವರಿಗೆ ಚೆನ್ನಾಗಿ ಗೊತ್ತಿರುತ್ತವೆ.

ತೆಗೆದ ಹಾಲೆಯ ಪರೀಕ್ಷಾ ವರದಿಯ ಪ್ರಕಾರ ಕಿಮೊಥೆರಪಿ ಬೇಕಾಗಿದ್ದರೆ, ತಂದೆಯವರು ಚೇತರಿಸಿಕೊಳ್ಳುವವರೆಗೆ ಅದನ್ನು ಕೆಲವು ವಾರ ಮುಂದೂಡಬೇಕಾದೀತು. ಇದರಿಂದ ಗಾಬರಿಯಾಗದೆ, ಹೊಸ ದಿನಾಂಕವನ್ನು ಕ್ಯಾನ್ಸರ್ ತಜ್ಞರೊಡನೆ ಈಗಲೇ ಮಾತಾಡಿ ಇಟ್ಟುಕೊಳ್ಳಿ.