ಸರ್ವರ್ ಸರಿಯಿದ್ದರೂ ಸೈಟ್ ಮಾಯವಾಗುತ್ತಾ?

ಸರ್ವರ್ ಕೆಟ್ಟಿಲ್ಲ, ಒಳಗೆ ಯಾರೂ ನುಗ್ಗಿಲ್ಲ, ಆದರೂ ಸೈಟ್ ಜಗತ್ತಿಗೇ ಸಿಗದೆ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು. 2008ರ ಫೆಬ್ರವರಿ 24ರಂದು ಯೂಟ್ಯೂಬ್‌ಗೆ ಆಗಿದ್ದು ಇದೇ.

ಯೂಟ್ಯೂಬ್ ತಡೆಯಿರಿ ಅಂತ ಪಾಕಿಸ್ತಾನದಲ್ಲಿ ಸರ್ಕಾರಿ ಆದೇಶ ಬಂತು. ಪಾಕಿಸ್ತಾನ್ ಟೆಲಿಕಾಂ, 'ಯೂಟ್ಯೂಬ್‌ನ ಇಂಟರ್ನೆಟ್ ವಿಳಾಸಗಳಿಗೆ ದಾರಿ ನನ್ನ ಹತ್ರ ಇದೆ' ಅಂತ ಸುಳ್ಳು ರೂಟ್ (ದಾರಿಯ ಘೋಷಣೆ) ಹಾಕಿತು. ಅದು ದೇಶದೊಳಗೇ ಉಳಿಯಬೇಕಿತ್ತು. ಆದರೆ ಹಾಂಗ್‌ಕಾಂಗ್‌ನ ಟೆಲಿಕಾಂ ಕಂಪನಿ ಪಿಸಿಸಿಡಬ್ಲ್ಯೂ ಅದನ್ನು ಸುಮ್ನೆ ಮುಂದಕ್ಕೆ, ಹೊರಜಗತ್ತಿಗೆ ದಾಟಿಸಿಬಿಟ್ಟಿತು.

ಒಂದೇ ವಿಳಾಸಕ್ಕೆ ಎರಡು ರೂಟ್ ಕಂಡರೆ, ರೂಟರ್‌ಗಳು (ಟ್ರಾಫಿಕ್‌ಗೆ ದಾರಿ ತೋರಿಸುವ ಯಂತ್ರಗಳು) ಚಿಕ್ಕ ಗುಂಪಿನ ರೂಟ್‌ಗೇ ಮಣೆ ಹಾಕುತ್ತವೆ. ಯೂಟ್ಯೂಬ್ ಘೋಷಿಸಿದ್ದು 1024 ವಿಳಾಸಗಳ ಗುಂಪು, ಸುಳ್ಳು ರೂಟ್‌ನದ್ದು ಅದರೊಳಗಿನ 256. ಚಿಕ್ಕದು ಗೆದ್ದಿತು! ಸುಮಾರು 2 ಗಂಟೆ ಟ್ರಾಫಿಕ್ ಪಾಕಿಸ್ತಾನದ ಕಡೆ ಹರಿದು ಅಲ್ಲೇ ಇಂಗಿತು. ಯೂಟ್ಯೂಬ್ ಇನ್ನೂ ಚಿಕ್ಕ, 128ರ ಗುಂಪುಗಳನ್ನು ಘೋಷಿಸಿ ತಿರುಗೇಟು ಕೊಟ್ಟಿತು. ಹುಡುಗರ ಜಗಳದ ಹಾಗೆ, ಅಲ್ವಾ?

ಈಗ ಆರ್‌ಪಿಕೆಐ ಇದೆ. ಯಾವ ವಿಳಾಸವನ್ನು ಯಾವ ನೆಟ್‌ವರ್ಕ್ ಘೋಷಿಸಬಹುದು ಅನ್ನೋದಕ್ಕೆ ಡಿಜಿಟಲ್ ಸಹಿ ಹಾಕಿದ ದಾಖಲೆ ಇಡುವ ವ್ಯವಸ್ಥೆ ಅದು. ಆದರೆ ಮಿಕ್ಕ ನೆಟ್‌ವರ್ಕ್‌ಗಳು ಅದನ್ನು ನೋಡಿ ಸುಳ್ಳು ರೂಟ್ ಎಸೆಯಬೇಕು, ಇಲ್ಲದಿದ್ದರೆ ದಾಖಲೆ ಮಾಡಿಸಿಯೂ ಪ್ರಯೋಜನವಿಲ್ಲ. ನಿಮ್ಮ ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ) ಹಾಗೆ ಎಸೆಯುತ್ತದಾ ಅಂತ ಮೊದಲು ಕೇಳಿ ನೋಡಿ.