ಗಂಡನ ಸಿಬಿಲ್ ಸ್ಕೋರ್ ಕಡಿಮೆ ಇದ್ದರೆ ಹೆಂಡತಿಗೆ ಹೋಮ್ ಲೋನ್ ಸಿಗುತ್ತಾ?

ನೀವೊಬ್ಬರೇ ಅರ್ಜಿ ಹಾಕಿದರೆ ಸಿಗುತ್ತದೆ, ನಿಮ್ಮ ಸಂಬಳ ಮತ್ತು ಸ್ಕೋರ್ ಚೆನ್ನಾಗಿರಬೇಕು ಅಷ್ಟೇ. ಸಿಬಿಲ್ ಸ್ಕೋರ್ ಅಂದರೆ ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಅಂತ ನೋಡಿ ಕೊಡುವ ಅಂಕ. ಮದುವೆಯಾದ ಮಾತ್ರಕ್ಕೆ ಇಬ್ಬರ ಸ್ಕೋರ್ ಒಂದಾಗುವುದಿಲ್ಲ. ಅವರವರ ಸಾಲದ ದಾಖಲೆ ಅವರವರ ಪ್ಯಾನ್ ನಂಬರಿಗೆ ಸೇರಿರುತ್ತದೆ.

ತೊಂದರೆ ಶುರುವಾಗುವುದು ಜಂಟಿ ಸಾಲ ಕೇಳಿದಾಗ. ಆಗ ಬ್ಯಾಂಕು ಇಬ್ಬರ ಸಾಲದ ದಾಖಲೆಯ ರಿಪೋರ್ಟನ್ನೂ ತೆಗೆದು ನೋಡುತ್ತದೆ. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, 750 ದಾಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮ್ಮದು 790, ಅವರದು 610 ಅಂದುಕೊಳ್ಳಿ. ಬಡ್ಡಿ ಜಾಸ್ತಿ ಹೇಳಬಹುದು, ಅರ್ಜಿಯನ್ನೇ ತಳ್ಳಿಹಾಕಲೂಬಹುದು.

ಹಾಗಂತ ಒಬ್ಬರೇ ಹಾಕಿದರೆ ನಿಮ್ಮ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸಾಲದ ಮೊತ್ತ ಇಳಿಯುತ್ತದೆ. ಮನೆ ಇಬ್ಬರ ಹೆಸರಿಗೂ ನೋಂದಣಿ ಆಗುವುದಾದರೆ ಸಾಮಾನ್ಯವಾಗಿ ಇಬ್ಬರೂ ಸಾಲಕ್ಕೆ ಸಹಿ ಹಾಕಲೇಬೇಕು.

ಅದಕ್ಕೇ ಹೇಳುವುದು, ಅರ್ಜಿಗೆ ಮೊದಲು ಇಬ್ಬರೂ ಕೂತು ರಿಪೋರ್ಟ್ ಓದಿ. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ನಮ್ಮ ಮನೆಯವರ ರಿಪೋರ್ಟಿನಲ್ಲಿ ಹಳೇ ಕ್ರೆಡಿಟ್ ಕಾರ್ಡೊಂದರ ಮುಂದೆ ‘ಸೆಟಲ್ಡ್’ ಅಂತಿತ್ತು. ಅಂದರೆ ಪೂರ್ತಿ ಕಟ್ಟದೆ, ಒಂದಿಷ್ಟು ಕೊಟ್ಟು ಮುಗಿಸಿದ್ದು. ಬ್ಯಾಂಕಿನವರ ಕಣ್ಣಿಗೆ ಅದು ಕೆಟ್ಟ ಗುರುತೇ. ಉಳಿದ ಬಾಕಿ ಕಟ್ಟಿ, ಬಾಕಿ ಏನೂ ಇಲ್ಲವೆಂಬ ನೋ ಡ್ಯೂಸ್ ಪತ್ರ ಪಡೆದು, ‘ಕ್ಲೋಸ್ಡ್’ ಅಂತ ಮಾಡಿಸಿದೆವು. ಸ್ಕೋರ್ ಏರಲು ತಿಂಗಳುಗಳೇ ಹಿಡಿದವು.

ರಿಪೋರ್ಟಿನಲ್ಲೇ ತಪ್ಪಿದ್ದರೆ ದೂರು ಕೊಡಿ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮವಿದೆ. ಅಲ್ಲಿಯವರೆಗೆ ಸುಮ್ನೆ ನಾಲ್ಕಾರು ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಬ್ಯಾಂಕು ಪ್ರತಿ ಸಲ ನಿಮ್ಮ ರಿಪೋರ್ಟ್ ತೆಗೆದು ನೋಡಿದ್ದೂ ಅದರಲ್ಲಿ ದಾಖಲಾಗುತ್ತದೆ.